ಬೋರಿಗೆ ಕೊಟ್ಟ ದುಡ್ಡು ರಾಕರ್ ಕೆಳಗ ಸೋರಿ ಹೋಗಬಾರದು

ಈ ಸಲ ಬೆಳೆ, ಗೊಬ್ಬರ, ಮಾರ್ಕೆಟ್ ದರ ಯಾವುದರ ಬಗ್ಗೆಯೂ ಅಲ್ಲ. ಹಳೇ ಟ್ರ್ಯಾಕ್ಟರ್ ಇಂಜಿನ್ ಬಗ್ಗೆ ಬರೀತಿದ್ದೀನಿ. ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡಿಕೊಂಡು ಓದ್ರಿ.

ಎಡದಂಡೆ ಕಾಲುವೆಗೆ ನೀರು ಬಿಡೋಕಿಂತ ಮುಂಚೆ ಗಂಗಾವತಿ, ಕಾರಟಗಿ ಕಡೆ ಗ್ಯಾರೇಜುಗಳ ಮುಂದೆ ಇಂಜಿನ್ ಬಿಚ್ಚಿದ ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿರುತ್ತವೆ. ಕುಷ್ಟಗಿ, ಯಲಬುರ್ಗಾದಾಗ ಇದೇ ಕೆಲಸ ಮುಂಗಾರಿ ಬಿತ್ತಿಗೆಗೆ ಮೊದಲು. ಬೋರ್, ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲಾ ಹೊಸಾದು ಹಾಕಿಸಿ, ಬಣ್ಣಾನೂ ಹೊಡಿಸಿ ಮನೆಗೆ ತರ್ತಾರೆ. ಒಂದು ಹಂಗಾಮು ಕೆಸರು ಹೊಡೆದು ಮುಗಿಯೋದರೊಳಗೆ ಮತ್ತೆ ನೀಲಿ ಹೊಗೆ, ಮತ್ತೆ ಎಣ್ಣಿ ಕಮ್ಮಿ, ಮೇಲೆ ಟಕ್ ಟಕ್ ಸದ್ದು. ಆಮೇಲೆ ಎಲ್ಲರ ಬಾಯಾಗೂ ಒಂದೇ ಮಾತು: "ಹಳೇ ಇಂಜಿನ್ ರೀ, ಒಮ್ಮೆ ಬಿಚ್ಚಿದ್ರ ಮತ್ತ ಬಾಳಿಕಿ ಬರಂಗಿಲ್ಲ."

ಈ ಮಾತು ಸುಳ್ಳು ಅಂತ ನನ್ನ ಅಭಿಪ್ರಾಯ. ಬಿಚ್ಚಿದ್ದಕ್ಕೆ ಅದು ಕೆಡಲಿಲ್ಲ. ಕೆಳಗಿನ ಅರ್ಧ ಅಳತೆ ಹಿಡಿದು ಕಟ್ಟಿ, ಮೇಲಿನ ಅರ್ಧ ಅಂದಾಜಿನ ಮೇಲೆ ಮುಚ್ಚಿದ್ದಕ್ಕೆ ಕೆಟ್ಟಿತು. ಬೋರಿಗೆ ಮೈಕ್ರೋಮೀಟರ್ ಹಿಡೀತಾರೆ, ಕ್ರ್ಯಾಂಕಿಗೆ ಹಿಡೀತಾರೆ. ಹೆಡ್ಡಿನ ಮೇಲೆ ವಾಲ್ವ್ ಎಷ್ಟು ಎತ್ತರಕ್ಕೆ ಬಂದು ನಿಂತಿದೆ, ರಾಕರ್ ಯಾವ ಕೋನದಾಗ ಅದನ್ನ ಒತ್ತುತ್ತದೆ ಅಂತ ನೋಡೋರು ನಮ್ಮ ಕಡೆ ಬಹಳ ಕಮ್ಮಿ. ಫೀಲರ್ ಗೇಜ್ ತೂರಿಸಿ ಟ್ಯಾಪೆಟ್ ಕಟ್ಟಿದ್ರ ಮೇಲಿನ ಕೆಲಸ ಮುಗೀತು ಅಂತ ಲೆಕ್ಕ.

ಯಾವ ಟ್ರ್ಯಾಕ್ಟರ್ ಬಗ್ಗೆ ಹೇಳ್ತಿದ್ದೀನಿ ಅಂದ್ರ, ನಮ್ಮ ನಾಲ್ಕೂ ತಾಲೂಕಿನ ಹಳ್ಳಿಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೇ ಗಾಡಿಗಳು. ಇಂಟರ್‌ನ್ಯಾಷನಲ್ ಮಾದರಿಯಿಂದ ಬಂದ ಮಹೀಂದ್ರಾ ಬಿ-275, ಝೆಟರ್ ಮಾದರಿಯ ಎರಡು ಸಿಲಿಂಡರ್ ಎಚ್‌ಎಂಟಿ 2511, ಮದ್ರಾಸಿನ ಸಿಂಪ್ಸನ್ ಕಂಪನಿಯ ಪರ್ಕಿನ್ಸ್ ಜಾತಿಯ ಮೂರು ಸಿಲಿಂಡರ್ ಇಂಜಿನ್ನಿನ ಮ್ಯಾಸಿ. ಇವೆಲ್ಲದರಲ್ಲೂ ಏರ್ಪಾಟು ಒಂದೇ: ಕ್ಯಾಮ್ ಕೆಳಗೆ ಬ್ಲಾಕಿನಲ್ಲಿ, ವಾಲ್ವ್ ಮೇಲೆ ಹೆಡ್ಡಿನಲ್ಲಿ, ನಡುವೆ ಪುಶ್ ರಾಡ್ ಮತ್ತು ರಾಕರ್. ಅಂಬಾಸಿಡರ್ ಕಾರಿನಲ್ಲಿ ಬರುತ್ತಿದ್ದ 1489 ಸಿಸಿ ಇಂಜಿನ್ನೂ ಇದೇ ಏರ್ಪಾಟಿಂದು. ಹಳೇ ಕಾರನ್ನು ಪ್ರೀತಿಯಿಂದ ಕಟ್ಟೋರು, ಅದರಾಗೂ ಇಂಗ್ಲೆಂಡ್, ಅಮೆರಿಕಾದ ಹವ್ಯಾಸಿಗಳು, ಈ ರಾಕರ್ ಕೋನಕ್ಕಾಗಿ ದಿನಗಟ್ಟಲೆ ಕೂತು ಅಳೀತಾರೆ. ಅವರು ಭಾನುವಾರ ಒಂದು ಸುತ್ತು ಹೊಡಿಯೋ ಕಾರಿಗೆ ಅಷ್ಟು ಮಾಡ್ತಾರ. ನಾವು ದಿನಕ್ಕ ಹತ್ತು ತಾಸು ಕೆಸರಿನಾಗ ದುಡಿಯೋ ಇಂಜಿನ್ನಿಗೆ ಅದರ ಕಾಲು ಭಾಗನೂ ಮಾಡಲ್ಲ. ತಿರುಗಾಮುರುಗಾ ಆಗೈತಿ.

ಈಗ ರಾಕರ್ ಕೆಲಸ ಏನು ನೋಡೋಣ. ಏತ ನೋಡಿದವರಿಗೆ ಬೇಗ ತಿಳೀತೈತಿ. ನಡುವೆ ಕಂಬ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ರಾಕರಿನಲ್ಲಿ ಕಂಬ ಅಂದರೆ ರಾಕರ್ ಶಾಫ್ಟು. ಪುಶ್ ರಾಡ್ ಒಂದು ತುದಿಯನ್ನು ಎತ್ತುತ್ತದೆ, ಇನ್ನೊಂದು ತುದಿ, ನಮ್ಮವರು ಮೂಗು ಅಂತಾರಲ್ಲ ಅದು, ವಾಲ್ವ್ ಕಡ್ಡಿಯ ತಲೆ ಮೇಲೆ ಕೂತು ಕೆಳಕ್ಕೆ ಒತ್ತುತ್ತದೆ. ವಾಲ್ವ್ ನೇರ ಮೇಲೆ ಕೆಳಗೆ ಹೋಗುತ್ತದೆ. ಆದರೆ ರಾಕರ್ ಮೂಗು ನೇರ ಹೋಗಂಗಿಲ್ಲ, ಶಾಫ್ಟಿನ ಸುತ್ತ ಕಮಾನಿನಂಗ ತಿರುಗುತ್ತದೆ. ಒಂದು ನೇರ, ಇನ್ನೊಂದು ಕಮಾನು. ಹಂಗಾಗಿ ಒತ್ತುವಾಗೆಲ್ಲ ಮೂಗು ಕಡ್ಡಿಯ ತಲೆ ಮೇಲೆ ಸ್ವಲ್ಪ ಒರಸುತ್ತದೆ. ಒರಸಾಟ ಪೂರ್ತಿ ತಪ್ಪಿಸೋದಕ್ಕೆ ಆಗಲ್ಲ. ಆದಷ್ಟು ಕಮ್ಮಿ ಮಾಡಬಹುದು, ಅಷ್ಟೇ.

ಕಮ್ಮಿ ಆಗೋದು ಯಾವಾಗ? ವಾಲ್ವ್ ಅರ್ಧ ತೆರೆದಾಗ, ಶಾಫ್ಟಿನ ನಡುಬಿಂದುವಿನಿಂದ ಮೂಗು ಕಡ್ಡಿಗೆ ತಾಗುವ ಜಾಗಕ್ಕೆ ಒಂದು ಗೆರೆ ಎಳೆದರೆ, ಆ ಗೆರೆ ಕಡ್ಡಿಗೆ ಸರಿಯಾಗಿ ಮೂಲೆಮಟ್ಟದಲ್ಲಿ ಇರಬೇಕು. ಆಗ ಮೂಗು ಅರ್ಧ ದಾರಿ ತನಕ ಹೊರಕ್ಕೆ ಜರುಗಿ, ಉಳಿದರ್ಧದಲ್ಲಿ ಅದೇ ಜಾಗಕ್ಕೆ ವಾಪಸ್ ಬರುತ್ತದೆ.

ಲೆಕ್ಕ ಹಾಕಿ ನೋಡ್ರಿ. ಒಂದು ಉದಾಹರಣೆ ತಗೊಳ್ಳೋಣ: ಶಾಫ್ಟ್ ನಡುವಿನಿಂದ ಮೂಗಿಗೆ 38 ಮಿ.ಮೀ., ವಾಲ್ವ್ ತೆರೆಯೋದು 10 ಮಿ.ಮೀ. ಕೋನ ಸರಿ ಇದ್ದರೆ ಒರಸಾಟ ಸುಮಾರು 0.33 ಮಿ.ಮೀ. ಬರುತ್ತದೆ. ಅದೇ ಕಡ್ಡಿ ತಲೆ 1 ಮಿ.ಮೀ. ಮೇಲೆ ಬಂದರೆ 0.48, 2 ಮಿ.ಮೀ. ಬಂದರೆ 0.65. ಅಂದರೆ ಎರಡೇ ಮಿಲಿಮೀಟರಿಗೆ ಒರಸಾಟ ದುಪ್ಪಟ್ಟು. ಮೂಗಿನ ಉಬ್ಬನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ, ಆದರೂ ಯಾವ ಕಡೆ ಹೋಗ್ತೈತಿ ಅನ್ನೋದು ಗೊತ್ತಾಗ್ತೈತಿ.

ಅರ್ಧ ಮಿಲಿಮೀಟರ್ ಏನು ಮಹಾ ಅಂತೀರಿ. ಇಂಜಿನ್ 2000 ಸುತ್ತಿನಲ್ಲಿ ಓಡುವಾಗ ಪ್ರತಿ ವಾಲ್ವ್ ನಿಮಿಷಕ್ಕೆ 1000 ಸಲ ತೆರೆಯುತ್ತದೆ, ತಾಸಿಗೆ 60,000 ಸಲ. ಹತ್ತು ತಾಸು ಕೇಜ್ ವ್ಹೀಲ್ ಹಾಕಿ ಗದ್ದೆ ಹೊಡೆದರೆ 6 ಲಕ್ಷ ಸಲ. ಅಷ್ಟು ಸಲವೂ ರಾಕರ್ ಕಡ್ಡಿಯನ್ನು ಕೆಳಕ್ಕೆ ಒತ್ತೋದರ ಜೊತೆಗೆ ಅಡ್ಡಕ್ಕೂ ನೂಕುತ್ತದೆ. ನೆಲದಾಗ ಗೂಟ ಬಡಿಯೋವಾಗ ನೆಟ್ಟಗೆ ಬಡಿದ್ರ ಗೂಟ ಬಿಗಿ ಕೂಡ್ತೈತಿ, ಓರೆ ಬಡಿದ್ರ ತೂತು ದೊಡ್ಡದಾಗ್ತೈತಿ. ವಾಲ್ವ್ ಗೈಡಿನಲ್ಲಿ ಆಗೋದು ಇದೇ. ಗೈಡಿನ ತೂತು ದುಂಡಗೆ ಉಳಿಯದೆ ಮೊಟ್ಟೆ ಆಕಾರಕ್ಕೆ ತಿರುಗುತ್ತದೆ. ಮೇಲಿನ ಎಣ್ಣೆ ಅದರೊಳಗೆ ಇಳಿದು ಸಿಲಿಂಡರ್‌ಗೆ ಬೀಳುತ್ತದೆ. ಕಡ್ಡಿ ಅಲ್ಲಾಡಿದರೆ ವಾಲ್ವ್ ಸೀಟಿನ ಮೇಲೆ ದಿನಾ ಒಂದೊಂದು ಕಡೆ ಕೂರುತ್ತದೆ, ಸಂದಿಯಾಗ ಬೆಂಕಿ ನುಗ್ಗಿ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಹೊಸ ಪಿಸ್ಟನ್, ಹೊಸ ರಿಂಗ್ ಇದನ್ನ ತಡೀತಾವೇನು?

ಹಂಗಾದರೆ ಮೊದಲು ಯಾಕ ತೊಂದರೆ ಇರಲಿಲ್ಲ? ಕಾರ್ಖಾನೆಯಲ್ಲಿ ಶಾಫ್ಟಿನ ಎತ್ತರ, ಕಡ್ಡಿಯ ಉದ್ದ, ಪುಶ್ ರಾಡಿನ ಉದ್ದ ಮೂರನ್ನೂ ಒಂದಕ್ಕೊಂದು ಹೊಂದಿಸಿಯೇ ಕಳಿಸಿರುತ್ತಾರೆ. ಹೊಸಾದಾಗ ಯಾರೂ ಅಳೆಯಬೇಕಾಗಿಲ್ಲ. ನಾವು ಬಿಚ್ಚಿ, ತಿಕ್ಕಿ, ಕೊರೆದು ಆ ಮೂರು ಅಳತೆಯ ಹೊಂದಾಣಿಕೆ ಕೆಡಿಸಿದ ಮೇಲೆ ಅಳೀಬೇಕು.

ಕೆಡೋದು ಎಲ್ಲೆಲ್ಲಿ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರ ಇಲ್ಲಿ ಮಿಸ್ತ್ರಿಗಳೂ ಒಂದಕ್ಕೊಂದು ಕಲಸಿಬಿಡ್ತಾರ.

ಎಲ್ಲಕ್ಕಿಂತ ದೊಡ್ಡದು ಸೀಟ್ ಗ್ರೈಂಡಿಂಗ್. ಸೀಟನ್ನು ತಿಕ್ಕಿದಷ್ಟೂ, ವಾಲ್ವಿನ ಮುಖ ತಿಕ್ಕಿದಷ್ಟೂ ವಾಲ್ವ್ ಹೆಡ್ಡಿನೊಳಗೆ ಮುಳುಗುತ್ತದೆ. ಕೆಳಗೆ ಎಷ್ಟು ಮುಳುಗಿತೋ ಮೇಲೆ ಕಡ್ಡಿಯ ತಲೆ ಅಷ್ಟು ಎದ್ದು ಬರುತ್ತದೆ. ಒಂದು ಸಲಕ್ಕೆ ಕಮ್ಮಿಯೇ. ಆದರೆ ನಮ್ಮ ಹೆಡ್ಡುಗಳು ಮೂರು ನಾಲ್ಕು ಸಲ ತಿಕ್ಕಿಸಿಕೊಂಡಿರ್ತಾವ, ಮೊದಲಿನ ಮಾಲೀಕ ಎಷ್ಟು ಸಲ ತಿಕ್ಕಿಸಿದ್ದ ಅನ್ನೋದಕ್ಕೆ ಚೀಟಿ ಇರಂಗಿಲ್ಲ. ಎಲ್ಲಾ ಕೂಡಿ 1, 2 ಮಿ.ಮೀ. ಆಗಿಬಿಡುತ್ತದೆ. ವಾಲ್ವ್ ಮುಳುಗಿದರೆ ಇನ್ನೂ ಎರಡು ಹಾನಿ ಬೇರೆ. ಉರಿಯುವ ಜಾಗ ದೊಡ್ಡದಾಗಿ ಕಂಪ್ರೆಶನ್ ಇಳಿಯುತ್ತದೆ, ಚಳಿಗಾಲದಾಗ ಬೆಳಿಗ್ಗೆ ಸ್ಟಾರ್ಟ್ ಆಗಾಕ ಸತಾಯಿಸ್ತೈತಿ. ಸ್ಪ್ರಿಂಗ್ ಹಿಗ್ಗಿ ಅದರ ಬಿಗಿ ಕಮ್ಮಿಯಾಗುತ್ತದೆ.

ಇನ್ನು ಹೆಡ್ ಫೇಸಿಂಗ್. ಇಲ್ಲಿ ಒಂದು ತಪ್ಪು ತಿಳುವಳಿಕೆ ಐತಿ. ಹೆಡ್ ತೆಳುವಾದರೆ ರಾಕರ್ ಕೋನ ಕೆಡ್ತೈತಿ ಅಂತ ಕೆಲವರು ಹೇಳ್ತಾರೆ. ಶಾಫ್ಟಿನ ಸ್ಟ್ಯಾಂಡ್ ಕೂತಿರೋದೂ ಹೆಡ್ಡಿನ ಮೇಲೆ, ವಾಲ್ವ್ ಇರೋದೂ ಹೆಡ್ಡಿನಲ್ಲಿ. ಎರಡೂ ಕೂಡಿಯೇ ಕೆಳಗೆ ಇಳಿಯುತ್ತವೆ. ಮೂಗು ಮತ್ತು ಕಡ್ಡಿಯ ಸಂಬಂಧ ಬದಲಾಗಲ್ಲ. ಬದಲಾಗೋದು ಪುಶ್ ರಾಡ್ ಕಡೆ: ಹೆಡ್ ಕ್ಯಾಮಿಗೆ ಹತ್ತಿರ ಬಂದಿದ್ದರಿಂದ ಪುಶ್ ರಾಡ್ ಉದ್ದ ಆದಂಗ ಆಗಿ, ಟ್ಯಾಪೆಟ್ ಸ್ಕ್ರೂ ಮೇಲಕ್ಕೆ ಬಿಚ್ಚಬೇಕಾಗುತ್ತದೆ. ವಾಲ್ವ್ ಮುಳುಗಿದ್ದಕ್ಕೂ ಸ್ಕ್ರೂ ಬಿಚ್ಚಬೇಕು, ಫೇಸಿಂಗಿಗೂ ಬಿಚ್ಚಬೇಕು. ಎರಡೂ ಸೇರಿದಾಗ ಸ್ಕ್ರೂ ರಾಕರ್ ಒಳಗೆ ಪೂರ್ತಿ ಎದ್ದು, ಪುಶ್ ರಾಡಿನ ಬಟ್ಟಲು ರಾಕರ್ ಹೊಟ್ಟೆಗೆ ತಾಗುವ ಹಂತಕ್ಕೆ ಬರುತ್ತದೆ. ಹೆಡ್ ಮುಚ್ಚಿದ ಮೇಲೆ ಟ್ಯಾಪೆಟ್ ಸ್ಕ್ರೂಗಳು ಮೊದಲಿಗಿಂತ ಬಹಳ ಮೇಲೆ ನಿಂತಿದ್ದರೆ ಅದು ಕೈ ಎತ್ತಿ ಕರೆಯೋ ಲಕ್ಷಣ. ಆಗ ಕೇಳ್ರಿ: ಎಷ್ಟು ಮುಳುಗೈತಿ, ಎಷ್ಟು ಕೊರೆದಿದ್ದೀರಿ?

ಡೀಸೆಲ್ ಇಂಜಿನ್ನಿನಲ್ಲಿ ಫೇಸಿಂಗಿನ ನಿಜವಾದ ಅಪಾಯ ಬೇರೆ. ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ನಡುವೆ ಇರೋ ಸಂದು ಬಹಳ ಸಣ್ಣದು. ಹೆಚ್ಚು ಕೊರೆದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ. ಸೀಸದ ತಂತಿ ಇಟ್ಟು ತಿರುಗಿಸಿ ಎಷ್ಟು ಚಪ್ಪಟೆ ಆಯಿತು ಅಂತ ಅಳೆಯುವ ಪದ್ಧತಿ ಹಳೇ ಮಿಸ್ತ್ರಿಗಳಿಗೆ ಗೊತ್ತು, ಅದನ್ನ ಬಿಡಬಾರದು.

ಹೊಸ ಗೈಡ್ ಹಾಕೋವಾಗ ಎಷ್ಟು ಒಳಗೆ ಹೊಡೆಯಬೇಕು ಅಂತಲೂ ಅಳತೆ ಐತಿ. ಮೇಲೆ ಉಳಿದರೆ ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ತಟ್ಟೆ ಗೈಡಿಗೆ ಹೊಡೆದು ಪುಶ್ ರಾಡ್ ಬಗ್ಗುತ್ತದೆ. ಪುಶ್ ರಾಡ್ ನೇರ ಇದೆಯಾ ಅಂತ ನೋಡೋಕೆ ಒಂದು ಗಾಜಿನ ತುಂಡು ಸಾಕು, ಅದರ ಮೇಲೆ ಉರುಳಿಸಿದ್ರ ಗೊತ್ತಾಗ್ತೈತಿ. ಟ್ಯಾಪೆಟ್‌ಗಳನ್ನ ಯಾವ ತೂತಿನಿಂದ ತೆಗೆದಿದ್ರೋ ಅದೇ ತೂತಿಗೆ ಹಾಕಬೇಕು, ಒಂದೇ ಡಬ್ಬಿಗೆ ಸುರಿದು ಡೀಸೆಲ್‌ನಾಗ ತೊಳೆಯೋದು ಬ್ಯಾಡ.

ರಾಕರ್ ಶಾಫ್ಟಿನ ಬಗ್ಗೆ ಒಂದು ಮಾತು ನೆನಪಿಡ್ರಿ. ಪುಶ್ ರಾಡೂ ಮೇಲಕ್ಕೆ ನೂಕುತ್ತದೆ, ವಾಲ್ವ್ ಸ್ಪ್ರಿಂಗೂ ಮೇಲಕ್ಕೆ ನೂಕುತ್ತದೆ. ಹಂಗಾಗಿ ರಾಕರ್ ಶಾಫ್ಟಿನ ಹೊಟ್ಟೆಯನ್ನು ತಿನ್ನುತ್ತದೆ, ಬೆನ್ನನ್ನಲ್ಲ. ಮೇಲಿನಿಂದ ನೋಡಿದರೆ ಶಾಫ್ಟ್ ಕನ್ನಡಿಯಂಗ ಹೊಳೀತಿರ್ತೈತಿ, ಮಿಸ್ತ್ರಿ "ಏನೂ ಆಗಿಲ್ಲ" ಅಂತಾನೆ. ಶಾಫ್ಟ್ ಬಿಚ್ಚಿಸಿ ಹೊಟ್ಟೆ ಕಡೆ ಉಗುರು ಎಳೆದು ನೋಡ್ರಿ, ಮೆಟ್ಟಿಲು ಸಿಕ್ಕರೆ ಬದಲಾಯಿಸಬೇಕು. ಅದನ್ನ ತಿರುಗಿಸಿ ಬೆನ್ನು ಕೆಳಗೆ ಮಾಡಿ ಹಾಕೋ ಉಪಾಯ ಯಾರಾದರೂ ಹೇಳಿದರೆ ಒಪ್ಪಬ್ಯಾಡ್ರಿ. ಎಣ್ಣೆ ತೂತುಗಳ ದಿಕ್ಕು ತಪ್ಪಿದರೆ ರಾಕರ್ ಬುಶ್ಶಿಗೆ ಎಣ್ಣೆ ಸೇರಲ್ಲ. ಬಿಚ್ಚೋ ಮೊದಲೇ ದಿಕ್ಕಿಗೆ ಗುರುತು ಹಾಕಿಸ್ರಿ.

ಮೂಗಿನಾಗ ಗುಣಿ ಬಿದ್ದಿರೋದು ಇನ್ನೊಂದು ಮೋಸ. ಫೀಲರ್ ಗೇಜಿನ ಪಟ್ಟಿ ಗುಣಿಯ ಎರಡು ದಡದ ಮೇಲೆ ಸೇತುವೆಯಂಗ ಕೂರುತ್ತದೆ. ಗೇಜ್ 12 ಥೌ ಅಂತ ಬಿಗಿಯಾಗಿ ಹೇಳ್ತೈತಿ, ನಿಜದ ಸಂದು ಅದಕ್ಕಿಂತ ಗುಣಿಯಷ್ಟು ಹೆಚ್ಚು. ಸದ್ದು ನಿಲ್ಲಲ್ಲ. ಸದ್ದು ನಿಲ್ಲಲಿ ಅಂತ ಇನ್ನಷ್ಟು ಬಿಗಿ ಮಾಡ್ತಾರೆ. ಬಿಸಿ ಏರಿದಾಗ ಕಡ್ಡಿ ಹಿಗ್ಗಿ ವಾಲ್ವ್ ಪೂರ್ತಿ ಮುಚ್ಚಲ್ಲ, ಸುಡುತ್ತದೆ. ಆ ಗುಣಿಯನ್ನು ಕೈ ಗ್ರೈಂಡರಿನಲ್ಲಿ ಚಪ್ಪಟೆ ಮಾಡೋದು ಅದಕ್ಕಿಂತ ಕೆಟ್ಟದ್ದು. ಮೂಗಿಗೆ ಅದರದೇ ಉಬ್ಬು ಐತಿ, ಆ ಉಬ್ಬಿಗೆ ತಿಕ್ಕಬೇಕು. ಇಲ್ಲಾಂದ್ರ ಹೊಸ ರಾಕರ್ ಹಾಕಬೇಕು.

ಈಗ ಅಳೆಯೋದು ಹೆಂಗ. ದೊಡ್ಡ ಯಂತ್ರ ಏನೂ ಬ್ಯಾಡ. ಹೆಡ್ ಕೈಯಾಗ ಇರೋವಾಗಲೇ ತಿರುವಿ ಹಾಕಿ, ಮುಖದ ಮೇಲೆ ಒಂದು ನೇರ ಪಟ್ಟಿ ಇಟ್ಟು, ಪ್ರತಿ ವಾಲ್ವ್ ಎಷ್ಟು ಆಳ ಐತಿ ಅಂತ ವರ್ನಿಯರಿನ ಬಾಲದಲ್ಲಿ ಅಳೀರಿ. ಗ್ರೈಂಡಿಂಗಿಗೆ ಮೊದಲು ಒಂದು ಸಲ, ಆದ ಮೇಲೆ ಒಂದು ಸಲ. ಎಷ್ಟರ ತನಕ ಮುಳುಗಬಹುದು ಅಂತ ಕಂಪನಿಯ ಸರ್ವಿಸ್ ಪುಸ್ತಕದಾಗ ಅಂಕಿ ಇರುತ್ತದೆ, ಒಂದೊಂದು ಇಂಜಿನ್ನಿಗೆ ಒಂದೊಂದು. ಮೀರಿದರೆ ಹೊಸ ಸೀಟ್ ರಿಂಗ್ ಕೂರಿಸಿ, ಹೊಸ ವಾಲ್ವ್ ಹಾಕಿ ಮೊದಲಿನ ಆಳಕ್ಕೆ ತರೋದೇ ನಿಜವಾದ ರಿಪೇರಿ. ಆಮೇಲೆ ಹೆಡ್ ಎದ್ದು ನಿಲ್ಲಿಸಿ, ಕಡ್ಡಿಗಳ ತಲೆ ಮೇಲೆ ಅದೇ ಪಟ್ಟಿ ಇಡ್ರಿ. ಎಲ್ಲಾ ಒಂದೇ ಎತ್ತರ ಇರಬೇಕು. ಒಂದು ಎದ್ದು ಒಂದು ಕುಗ್ಗಿದ್ದರೆ ಒಂದೇ ಶಾಫ್ಟಿನಲ್ಲಿ ಎಲ್ಲದಕ್ಕೂ ಕೋನ ಕೂಡಿಸೋಕೆ ಯಾರಿಂದಲೂ ಆಗಲ್ಲ.

ಹೆಡ್ ಕೂತ ಮೇಲಿನ ಪರೀಕ್ಷೆ ಇನ್ನೂ ಸುಲಭ. ಕಡ್ಡಿಯ ತಲೆಗೆ ಮಾರ್ಕಿಂಗ್ ಬ್ಲೂ ಬಳೀರಿ, ಸಿಗಲಿಲ್ಲ ಅಂದ್ರ ದಪ್ಪ ಮಾರ್ಕರ್ ಪೆನ್ ಸಾಕು. ರಾಕರ್ ಕೂಡಿಸಿ, ಟ್ಯಾಪೆಟ್ ಕಟ್ಟಿ, ಇಂಜೆಕ್ಟರ್ ಬಿಚ್ಚಿಟ್ಟು, ಕೈಯಿಂದ ಇಂಜಿನ್ ಹತ್ತು ಹನ್ನೆರಡು ಸುತ್ತು ತಿರುಗಿಸ್ರಿ. ರಾಕರ್ ತೆಗೆದು ಬಣ್ಣ ಎಲ್ಲಿ ಅಳಿಸೈತಿ ನೋಡ್ರಿ. ಸಣ್ಣ ಗೆರೆಯಂಗ ಅಳಿಸಿದ್ದರೆ ಕೋನ ಸರಿ. ಅಗಲವಾದ ಪಟ್ಟಿಯಾಗಿ, ಅದೂ ಶಾಫ್ಟಿನ ಕಡೆ ವಾಲಿ ಅಳಿಸಿದ್ದರೆ ಕಡ್ಡಿಯ ತಲೆ ಎದ್ದಿದೆ ಅಂತ ಅರ್ಥ.

ಕೆಲವರು ಗುರುತು ನಟ್ಟ ನಡುವೆ ಬಂದರೆ ಸಾಕು ಅಂತಾರೆ. ನಾನು ಒಪ್ಪಲ್ಲ. ನಡುವೆ ಇರೋದು ಒಳ್ಳೇದೇ, ಆದರೆ ಗುರುತಿನ ಅಗಲ ಅದಕ್ಕಿಂತ ಮುಖ್ಯ. ತುಸು ಆ ಕಡೆ ಈ ಕಡೆ ಇದ್ದರೂ ಗೆರೆ ಸಣ್ಣದಿದ್ದರೆ ಗೈಡ್ ಬದುಕುತ್ತದೆ. ನಟ್ಟ ನಡುವೆ ಇದ್ದು ಪಟ್ಟಿ ಅಗಲ ಇದ್ದರೆ ಒರಸಾಟ ನಡದೇ ನಡೀತೈತಿ. ಇನ್ನೂ ನಿಖರ ಬೇಕಂದ್ರ ಲೇತಿನವರ ಹತ್ತಿರ ಡಯಲ್ ಗೇಜ್ ಇರುತ್ತದೆ. ಅದನ್ನ ಸ್ಪ್ರಿಂಗ್ ತಟ್ಟೆ ಮೇಲೆ ಕೂರಿಸಿ, ವಾಲ್ವ್ ಒಟ್ಟು ಎಷ್ಟು ಇಳಿಯುತ್ತದೆ ಅಳೆದು, ಅದರ ಅರ್ಧಕ್ಕೆ ನಿಲ್ಲಿಸಿ, ಮೂಲೆಮಟ್ಟ ಹಿಡಿದು ನೋಡಬೇಕು. ರಾಕರಿನ ಬೆನ್ನಿನ ಗೆರೆ ನೋಡಬ್ಯಾಡ್ರಿ, ಅದು ಎರಕದ ಆಕಾರ ಅಷ್ಟೇ. ಶಾಫ್ಟಿನ ನಡುಬಿಂದು ಮತ್ತು ಮೂಗು ತಾಗುವ ಜಾಗ, ಈ ಎರಡರ ಗೆರೆ ಲೆಕ್ಕ.

ಸೀಟ್ ರಿಂಗಿಗೆ ದುಡ್ಡಿಲ್ಲ, ಹಂಗಾಮು ತಲೆ ಮೇಲೆ ಬಂದೈತಿ ಅಂದ್ರ ಎರಡನೇ ದಾರಿ: ಶಾಫ್ಟಿನ ಸ್ಟ್ಯಾಂಡ್‌ಗಳ ಕೆಳಗೆ ಒಂದೇ ದಪ್ಪದ ತಗಡು ಕೊಟ್ಟು ಶಾಫ್ಟನ್ನೇ ಎತ್ತರಿಸೋದು. ಇದಕ್ಕೆ ಎಲ್ಲಾ ಕಡ್ಡಿ ಸಮ ಎದ್ದಿರಬೇಕು. ಒಂದು ಸ್ಟ್ಯಾಂಡಿನೊಳಗೆ ಎಣ್ಣೆ ಏರುವ ತೂತು ಇರುತ್ತದೆ, ಅದರ ತಗಡಿಗೂ ಅದೇ ಜಾಗಕ್ಕೆ ತೂತು ಬೇಕು. ಅದು ಮರೆತರೆ ಮೇಲೆ ಎಣ್ಣೆಯೇ ಬರದೆ ಎಲ್ಲಾ ರಾಕರ್ ಒಣಗಿ ಸಾಯುತ್ತವೆ. ಕಡ್ಡಿಯ ತಲೆಯನ್ನೇ ತಿಕ್ಕಿ ಗಿಡ್ಡ ಮಾಡೋದು ಮೂರನೇ ದಾರಿ, ನನಗೆ ಇಷ್ಟ ಇಲ್ಲ. ತಲೆಯ ಗಟ್ಟಿ ಪದರ ತೆಳು ಇರುತ್ತದೆ, ಅದು ಹೋದರೆ ಒಳಗಿನದು ಮೆತ್ತಗ. ತಿಕ್ಕಲೇಬೇಕಾದರೆ ತುಸು, ಅದೂ ಮಷೀನಿಗೆ ಕಟ್ಟಿ.

ಬೋರು ಕೆಟ್ಟೈತೋ ಗೈಡ್ ಕೆಟ್ಟೈತೋ ಅನ್ನೋದು ಬಿಚ್ಚೋ ಮೊದಲೇ ಸ್ವಲ್ಪ ಗೊತ್ತು ಮಾಡಿಕೊಳ್ಳಬಹುದು. ಹೊರೆ ಮೇಲೆ ಎಳೆಯುವಾಗ ಒಂದೇ ಸಮ ನೀಲಿ ಹೊಗೆ, ಜೊತೆಗೆ ಬ್ರೀದರ್ ಕೊಳವೆಯಿಂದ ಉಗಿಯಂಗ ಬುಸುಗುಟ್ಟಿದರೆ ರಿಂಗು, ಬೋರಿನ ಕಡೆ ನೋಡಬೇಕು. ಬ್ರೀದರ್ ಶಾಂತ ಇದ್ದು, ಬಹಳ ಹೊತ್ತು ಸ್ಲೋದಲ್ಲಿ ನಿಂತು ರೇಸ್ ಕೊಟ್ಟಾಗ ಒಮ್ಮೆ ನೀಲಿ ಉಗುಳಿ ಆಮೇಲೆ ತಿಳಿಯಾದರೆ ಗೈಡಿನ ಮೇಲೆ ಅನುಮಾನ ಪಡ್ರಿ. ಕುಷ್ಟಗಿ ಕಡೆಯ ಕೆಂಪು ಧೂಳಿನಾಗ ಏರ್ ಕ್ಲೀನರ್ ಕಟ್ಟಿಕೊಂಡಿದ್ದರೆ ಇಂಜಿನ್ ಜೋರಾಗಿ ಎಳೆದು ಗೈಡಿನಿಂದ ಇನ್ನೂ ಎಣ್ಣೆ ಹೀರುತ್ತದೆ. ಮೊದಲು ಅದನ್ನ ತೊಳೆದು ನೋಡ್ರಿ, ಖರ್ಚಿಲ್ಲ.

ಇಷ್ಟೆಲ್ಲಾ ಮಿಸ್ತ್ರಿಗಳು ಯಾಕ ಮಾಡಲ್ಲ? ಬೈಯೋದು ಸುಲಭ. ಆದರೆ ನಮ್ಮ ಕಡೆ ಕೆಲಸ ಒಪ್ಪಿಸೋ ರೀತಿ ನೋಡ್ರಿ. ಇಡೀ ಓವರಾಲಿಗೆ ಒಟ್ಟು ಗುತ್ತಿಗೆ ಮಾತಾಡ್ತಾರೆ, ಅದರಾಗೂ ಐದುನೂರು ಕಡಿಮೆ ಮಾಡು ಅಂತ ಜಗ್ತಾರೆ, ನಾಲ್ಕು ದಿನದಾಗ ಕೊಡು ಅಂತ ಕುತ್ತಿಗಿ ಮೇಲೆ ಕೂಡ್ತಾರೆ. ರಾಕರ್ ಅಳೆಯೋಕೆ, ಬಿಚ್ಚಿ ಮತ್ತೆ ಕೂಡಿಸೋಕೆ ಅರ್ಧ ದಿನ ಬೇಕು. ಆ ಅರ್ಧ ದಿನದ ಕೂಲಿ ಯಾರೂ ಕೊಟ್ಟಿಲ್ಲ. ಕಣ್ಣಿಗೆ ಕಾಣೋ ಪಿಸ್ಟನ್ನಿಗೆ ಬಿಲ್ ಕೊಡ್ತಾರೆ, ಕಣ್ಣಿಗೆ ಕಾಣದ ಅಳತೆಗೆ ಕೊಡಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ಗುತ್ತಿಗೆಯಿಂದ ಹೆಡ್ಡಿನ ಕೆಲಸವನ್ನು ಬೇರೆ ಮಾಡ್ರಿ, ಅದಕ್ಕೆ ಬೇರೆ ಕೂಲಿ ಮಾತಾಡ್ರಿ, ಬದಲಿಗೆ ಅಳತೆ ಬರೆದ ಚೀಟಿ ಕೇಳ್ರಿ. ವಾಲ್ವ್ ಆಳ ಮೊದಲು ಎಷ್ಟು, ಆಮೇಲೆ ಎಷ್ಟು, ಹೆಡ್ ಎಷ್ಟು ಕೊರೆದಿದ್ದು. ಮೂರೇ ಅಂಕಿ. ಮುಂದಿನ ಸಲ ಬಿಚ್ಚೋನಿಗೆ ಆ ಚೀಟಿ ಬಂಗಾರ.

ಅಳತೆ ಹಿಡಿಯೋ ಕೌಶಲ ನಮ್ಮ ಜಿಲ್ಲೆಯಾಗ ಇಲ್ಲ ಅಂತ ಯಾರೂ ಹೇಳಬ್ಯಾಡ್ರಿ. ಕೊಪ್ಪಳದ ಹತ್ತಿರ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಟ್ರ್ಯಾಕ್ಟರ್, ಡೀಸೆಲ್ ಇಂಜಿನ್ನುಗಳ ಬ್ಲಾಕು, ಹೆಡ್ಡು ಎರಕ ಹೊಯ್ಯುತ್ತಾರೆ. ದೇಶದ ಹೊಸ ಟ್ರ್ಯಾಕ್ಟರಿನ ಹೆಡ್ಡು ಹುಟ್ಟೋ ಜಾಗದಾಗ ಹಳೇ ಟ್ರ್ಯಾಕ್ಟರಿನ ಹೆಡ್ಡು ಅಂದಾಜಿನ ಮೇಲೆ ಕೂಡ್ರೋದು ಚಂದ ಕಾಣಂಗಿಲ್ಲ. ಐಟಿಐ ಡೀಸೆಲ್ ಮೆಕ್ಯಾನಿಕ್ ಕಲಿತ ಹುಡುಗರು ಊರೂರಿಗೆ ಇದ್ದಾರೆ, ಅವರಿಗೆ ವರ್ನಿಯರ್ ಓದೋಕೆ ಬರುತ್ತದೆ. ಬೇಕಾಗಿರೋದು ಕೇಳುವ ಗಿರಾಕಿ.

"ನಮ್ಮಪ್ಪನ ಕಾಲದಿಂದ ಟ್ಯಾಪೆಟ್ ಕಟ್ಟಿ ಓಡಿಸೀವಿ, ಏನಾಗೈತಿ" ಅನ್ನೋರ ಮಾತಿನಲ್ಲೂ ಅರ್ಧ ಸತ್ಯ ಐತಿ. ಟ್ರ್ಯಾಕ್ಟರ್ ರೇಸ್ ಕಾರ್ ಅಲ್ಲ. ಏಳೆಂಟು ಸಾವಿರ ಸುತ್ತಿಗೆ ವಾಲ್ವ್ ಕುಣಿಯೋ ಭಯ ನಮಗಿಲ್ಲ, ಕೋನ ಒಂದಿಷ್ಟು ತಪ್ಪಿದರೂ ಇಂಜಿನ್ ನಿಲ್ಲಲ್ಲ. ಆದರೆ ಅಪ್ಪನ ಕಾಲದಾಗ ಹೆಡ್ಡು ಮೊದಲನೇ ಸಲ ಬಿಚ್ಚಿತ್ತು, ಈಗ ನಾಲ್ಕನೇ ಸಲ. ಆಗ ನೇಗಿಲು, ಟ್ರೇಲರ್ ಅಷ್ಟೇ, ಈಗ ರೋಟಾವೇಟರ್. ಹಂಗಾಮಿನ ದಿನಗಳೂ ಬಿಗಿಯಾಗ್ಯಾವ: ನೀರು ಬಂದ ಮೇಲೆ ಎಲ್ಲರಿಗೂ ಒಮ್ಮೆಲೇ ನಾಟಿ. ಆ ಹತ್ತು ದಿನದಾಗ ಗಾಡಿ ಗ್ಯಾರೇಜಿನಾಗ ನಿಂತ್ರ ಬಾಡಿಗೆಗೆ ಇನ್ನೊಬ್ಬರ ಟ್ರ್ಯಾಕ್ಟರ್ ಹುಡುಕಬೇಕು, ಅವನು ತನ್ನ ಗದ್ದೆ ಮುಗಿಸಿ ಬರೋತನಕ ಸಸಿ ಬಲಿತು ಹೋಗ್ತೈತಿ.

ಇನ್ನು ಕೆಲವರು ಹಳೇದನ್ನ ಗುಜರಿಗೆ ಕೊಟ್ಟು ಹೊಸಾದು ತಗೋ ಅಂತಾರೆ. ತಗೊಳ್ಳೋ ಶಕ್ತಿ ಇದ್ದವರು ತಗೊಳ್ಳಲಿ. ಆರು ಎಕರೆ ಒಣಬೇಸಾಯದ ಸಜ್ಜೆ, ತೊಗರಿ, ಕಡಲೆ ನಂಬಿದವನಿಗೆ ಸಾಲ ತೀರಿದ ಹಳೇ ಟ್ರ್ಯಾಕ್ಟರ್ ಅಂದರೆ ಬ್ಯಾಂಕಿಗೆ ಕಂತು ಕಟ್ಟದ ದುಡಿಮೆ. ಅದನ್ನ ಇನ್ನೊಂದು ಎಂಟು ಹತ್ತು ವರ್ಷ ಓಡಿಸೋಕೆ ಒಂದು ಸೆಟ್ ಸೀಟ್ ರಿಂಗ್, ಗೈಡ್, ವಾಲ್ವ್ ಮತ್ತು ಅರ್ಧ ದಿನದ ಕೂಲಿ ಹೆಚ್ಚಾಯಿತು ಅಂತ ನನಗೆ ಅನ್ನಿಸಲ್ಲ.

ಕಲಿಯೋಕೆ ಮನಸ್ಸಿದ್ದವರು ಹಳೇ ಬಾವಿ ಇಂಜಿನ್‌ನಿಂದ ಶುರು ಮಾಡ್ರಿ. ಯಲಬುರ್ಗಾ, ಕುಷ್ಟಗಿ ಕಡೆ ಕರೆಂಟ್ ಮೋಟರ್ ಬಂದ ಮೇಲೆ ಮೂಲೆ ಸೇರಿದ ಒಂದು ಸಿಲಿಂಡರ್ ಡೀಸೆಲ್ ಇಂಜಿನ್ನುಗಳು ಇನ್ನೂ ಅದಾವ. ಎರಡೇ ವಾಲ್ವ್, ಎರಡೇ ರಾಕರ್, ಮುಚ್ಚಳ ತೆಗೆದರೆ ಎಲ್ಲಾ ಕಾಣುತ್ತದೆ. ಕಡ್ಡಿ ತಲೆಗೆ ಬಣ್ಣ ಬಳಿದು ಫ್ಲೈವ್ಹೀಲ್ ತಿರುಗಿಸಿ ನೋಡಿದರೆ ಒಂದು ಮಧ್ಯಾಹ್ನದಾಗ ತಿಳಿಯೋ ವಿಷಯ. ಆಮೇಲೆ ನಾಲ್ಕು ಸಿಲಿಂಡರಿನ ಬಿ-275ಗೆ ಟ್ಯಾಪೆಟ್ ಕಟ್ಟೋವಾಗ ಒಂಬತ್ತರ ಲೆಕ್ಕ ಹಿಡೀರಿ: 1ನೇ ವಾಲ್ವ್ ಪೂರ್ತಿ ತೆರೆದಾಗ 8ನೇದನ್ನ ಕಟ್ಟೋದು, 3 ತೆರೆದಾಗ 6, ಹಿಂಗ ಎರಡೂ ಕೂಡಿದರೆ ಒಂಬತ್ತು ಬರಬೇಕು. ಮೂರು ಸಿಲಿಂಡರಿಗೆ, ಎರಡು ಸಿಲಿಂಡರಿಗೆ ಈ ಲೆಕ್ಕ ನಡಿಯಂಗಿಲ್ಲ. ಸಂದು ಎಷ್ಟು ಅನ್ನೋದೂ ಆಯಾ ಇಂಜಿನ್ನಿಗೆ ಬೇರೆ ಬೇರೆ. ಪರ್ಕಿನ್ಸ್‌ನ ಹಳೇ ಮೂರು ಸಿಲಿಂಡರಿಗೆ ತಣ್ಣಗಿದ್ದಾಗ 12 ಥೌ, ಬಿಸಿ ಇದ್ದಾಗ 10. ನಿಮ್ಮದು ಬೇರೆ ಇಂಜಿನ್ ಇದ್ದರೆ ನಿಮ್ಮ ಪುಸ್ತಕ ನೋಡಿಯೇ ಕಟ್ಟಿಸ್ರಿ, ಪಕ್ಕದ ಮನೆಯವರ ಅಂಕಿ ತಗೊಂಡು ಹೋಗಬ್ಯಾಡ್ರಿ.

ಈ ಬ್ಯಾಸಗಿಗೆ ಹೆಡ್ ಬಿಚ್ಚಿಸೋರು ಗ್ಯಾರೇಜಿಗೆ ಹೋಗೋವಾಗ ಒಂದು ಮಾರ್ಕರ್ ಪೆನ್, ಒಂದು ಸಣ್ಣ ನೋಟ್‌ಬುಕ್ ಜೇಬಿನಾಗ ಇಟ್ಟುಕೊಂಡು ಹೋಗ್ರಿ. ಹೆಡ್ ಲೇತಿಗೆ ಹೋಗೋ ಮೊದಲೇ ವಾಲ್ವ್ ಆಳ ಬರಕೊಳ್ಳ್ರಿ, ಒಮ್ಮೆ ಗ್ರೈಂಡ್ ಆಗಿಬಿಟ್ರ ಮೊದಲಿನ ಅಂಕಿ ಮತ್ತೆ ಸಿಗಂಗಿಲ್ಲ.